ಹಳೆಯ ಕಾರಿನ ಹೆಡ್‌ಲೈಟ್ ಮಂಕಾದಾಗ: ದೋಷ ಹುಡುಕುವ ಕ್ರಮ

ಹದಿನೈದು-ಇಪ್ಪತ್ತು ವರ್ಷ ಓಡಿದ ಕಾರಿನ ಹೆಡ್‌ಲೈಟ್ ಮಂಕಾದರೆ ಹೆಚ್ಚಿನವರು ಮೊದಲು ಬಲ್ಬ್ ಬದಲಾಯಿಸುತ್ತಾರೆ. ಅದರಿಂದ ಪ್ರಯೋಜನ ಕಾಣದಿದ್ದರೆ ಅಂಗಡಿಯವರ ಮಾತು ಕೇಳಿ 100/90 ವ್ಯಾಟ್‌ನ ದೊಡ್ಡ ಬಲ್ಬ್ ಹಾಕಿಸುತ್ತಾರೆ. ಕೆಲವು ದಿನ ಬೆಳಕು ಹೆಚ್ಚಿದಂತೆ ಕಾಣುತ್ತದೆ. ಆಮೇಲೆ ಹೋಲ್ಡರ್ ಕರಗುತ್ತದೆ, ಸ್ಟಿಯರಿಂಗ್ ಬಳಿಯ ಸ್ವಿಚ್ಚಿನಿಂದ ಸುಟ್ಟ ವಾಸನೆ ಬರುತ್ತದೆ, ಕೊನೆಗೆ ಘಾಟಿಯ ತಿರುವಿನಲ್ಲಿ ಎರಡೂ ದೀಪ ಒಟ್ಟಿಗೆ ಕೈಕೊಡುತ್ತವೆ. ಇಂತಹ ಕಾರುಗಳಲ್ಲಿ ಬಲ್ಬ್ ಬಹಳ ಸಲ ಸರಿಯಾಗಿಯೇ ಇರುತ್ತದೆ. ಬ್ಯಾಟರಿಯಿಂದ ಹೊರಟ ವೋಲ್ಟೇಜ್ ಫ್ಯೂಸ್, ಸ್ವಿಚ್, ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್), ಅರ್ತ್ (ಕಾರಿನ ಲೋಹದ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) ಎಂಬ ಹತ್ತಾರು ಜೋಡಣೆಗಳನ್ನು ದಾಟುವಷ್ಟರಲ್ಲಿ ಒಂದೊಂದು ಕಡೆ ಸ್ವಲ್ಪ ಸ್ವಲ್ಪ ಸೋರಿಹೋಗಿ, ಬಲ್ಬಿಗೆ ಅರೆಹೊಟ್ಟೆ ಉಳಿದಿರುತ್ತದೆ, ಅಷ್ಟೆ.

ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಪ್ರಮಾಣದಲ್ಲಿಯೇ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. ವೋಲ್ಟೇಜ್ ಶೇ. 5ರಷ್ಟು ತಗ್ಗಿದರೆ ಬೆಳಕು ಸುಮಾರು ಶೇ. 16ರಷ್ಟು ತಗ್ಗುತ್ತದೆ, ವೋಲ್ಟೇಜ್ ಶೇ. 10ರಷ್ಟು ತಗ್ಗಿದರೆ ಬೆಳಕಿನಲ್ಲಿ ಶೇ. 30ರಷ್ಟು ಹೋಯಿತೆಂದೇ ಲೆಕ್ಕ. ಆದ್ದರಿಂದ ಎಲ್ಲೋ ಒಂದೂವರೆ ವೋಲ್ಟ್ ನಷ್ಟವಾಗುತ್ತಿದ್ದರೆ ಅದನ್ನು ಹುಡುಕಿ ತೆಗೆಯುವುದು ದೊಡ್ಡ ಬಲ್ಬ್ ಹಾಕುವುದಕ್ಕಿಂತ ಅಗ್ಗದ ದಾರಿ, ಸುರಕ್ಷಿತವೂ ಹೌದು. ಈ ಲೇಖನದಲ್ಲಿ ನಾನು ಮುಖ್ಯವಾಗಿ ಕಣ್ಣ ಮುಂದಿಟ್ಟುಕೊಂಡಿರುವುದು ಮಾರುತಿ 800, ಆಮ್ನಿ, ಜಿಪ್ಸಿಗಳಂತಹ ವಾಹನಗಳನ್ನು. 1983ರ ಕೊನೆಯಲ್ಲಿ ಬಂದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತರೂ ನಮ್ಮ ಊರುಗಳಲ್ಲಿ ಅದು ಇಂದಿಗೂ ಓಡುತ್ತಿದೆ, ಮತ್ತು ಅದರ ವೈರಿಂಗ್ ಮನೆಯಲ್ಲಿ ಕುಳಿತು ಕಲಿಯುವಷ್ಟು ಸರಳವಾಗಿದೆ.

ಮುಟ್ಟುವ ಮೊದಲು ನೋಡಿ

ಸಂಜೆ ಕತ್ತಲಾಗುವ ಹೊತ್ತಿಗೆ ಕಾರನ್ನು ಗೋಡೆಯೆದುರು ನಿಲ್ಲಿಸಿ, ಯಾವ ವೈರನ್ನೂ ಬಿಚ್ಚದೆ, ದೀಪಗಳನ್ನು ಒಂದೊಂದಾಗಿ ಹಾಕಿ ನೋಡಿ ಕಂಡದ್ದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಎರಡೂ ದೀಪ ಸಮನಾಗಿ ಮಂಕಾಗಿವೆಯೇ, ಅಥವಾ ಒಂದು ಮಾತ್ರವೇ? ಲೋ ಬೀಮ್ (ಹತ್ತಿರದ ಬೆಳಕು) ಇಲ್ಲದೆ ಹೈ ಬೀಮ್ (ದೂರದ ಬೆಳಕು) ಮಾತ್ರ ಬರುತ್ತಿದೆಯೇ? ಎಂಜಿನ್ನಿನ ವೇಗ ಹೆಚ್ಚಿಸಿದಾಗ ಬೆಳಕು ಏರುತ್ತದೆಯೇ? ಇಂಡಿಕೇಟರ್ ಹಾಕಿದಾಗ ಅದರ ತಾಳಕ್ಕೆ ಹೆಡ್‌ಲೈಟೂ ಮಿಣುಕುತ್ತದೆಯೇ? ಲೋ-ಹೈ ಬದಲಾಯಿಸುವ ಡಿಪ್ಪರ್ ಕಡ್ಡಿಯನ್ನು ಅಲುಗಾಡಿಸಿದಾಗ ಏನಾದರೂ ವ್ಯತ್ಯಾಸ ಕಾಣುತ್ತದೆಯೇ?

ಈ ಐದು ಪ್ರಶ್ನೆಗಳ ಉತ್ತರ ಸಿಕ್ಕರೆ ಹುಡುಕಬೇಕಾದ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಎರಡೂ ದೀಪ ಎಲ್ಲ ಸ್ಥಿತಿಯಲ್ಲೂ ಒಂದೇ ಸಮನೆ ಮಂಕಾಗಿದ್ದರೆ ದೋಷ ಎರಡಕ್ಕೂ ಸಮಾನವಾದ ಭಾಗದಲ್ಲಿರುತ್ತದೆ, ಅಂದರೆ ಬ್ಯಾಟರಿ, ಚಾರ್ಜಿಂಗ್, ಮುಖ್ಯ ಫ್ಯೂಸ್ ಅಥವಾ ಸ್ವಿಚ್ಚಿನಲ್ಲಿ. ಒಂದೇ ದೀಪ ಮಂಕಾಗಿದ್ದರೆ ಆ ಬದಿಯ ಬಲ್ಬ್, ಹೋಲ್ಡರ್, ಅರ್ತ್ ಅಥವಾ ಆ ಬದಿಯ ಫ್ಯೂಸ್ ಕಡೆ ನೋಡಬೇಕು. ಎರಡೂ ಬದಿಯ ಲೋ ಬೀಮ್ ಒಟ್ಟಿಗೆ ಹೋಗಿ ಹೈ ಬೀಮ್ ಸರಿಯಾಗಿದ್ದರೆ ಡಿಪ್ಪರ್ ಸ್ವಿಚ್ಚಿನ ಮೇಲೆ ಅನುಮಾನ ಬಲವಾಗುತ್ತದೆ. ಆದರೆ ಒಂದು ಬಲ್ಬಿನ ಲೋ ಫಿಲಮೆಂಟ್ ಎಂದೋ ಹೋಗಿದ್ದು ಯಾರೂ ಗಮನಿಸದೆ, ಇನ್ನೊಂದು ಹೋದ ದಿನ ಮಾತ್ರ ಎಚ್ಚರವಾಗುವುದೂ ಸಾಮಾನ್ಯ. ಹಾಗಾಗಿ ಅನುಮಾನ ಎಷ್ಟೇ ಬಲವಾಗಿದ್ದರೂ ಬಲ್ಬನ್ನು ಪರೀಕ್ಷಿಸದೆ ಸ್ವಿಚ್ಚಿಗೆ ಕೈ ಹಾಕಬಾರದು.

ಬೇಕಾದ ಸಲಕರಣೆ

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದು, ಟೆಸ್ಟ್ ಲ್ಯಾಂಪ್ ಒಂದು, ಎರಡು-ಮೂರು ಮೀಟರ್ ಉದ್ದದ ವೈರ್, ಸರಿಯಾದ ಅಳತೆಯ ಫ್ಯೂಸುಗಳು, ನಯವಾದ ಉಪ್ಪುಕಾಗದ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಇದ್ದರೆ ಸಾಕು. ಟೆಸ್ಟ್ ಲ್ಯಾಂಪನ್ನು ಕೊಳ್ಳುವುದಕ್ಕಿಂತ ಮಾಡಿಕೊಳ್ಳುವುದೇ ಮೇಲು. ಇಂಡಿಕೇಟರ್‌ಗೆ ಬಳಸುವ 12 ವೋಲ್ಟ್, 21 ವ್ಯಾಟ್‌ನ ಬಲ್ಬಿಗೆ ಹೋಲ್ಡರ್ ಸಿಕ್ಕಿಸಿ, ಎರಡು ವೈರ್ ಎಳೆದು, ಒಂದರ ತುದಿಗೆ ಮೊಸಳೆ ಕ್ಲಿಪ್ ಹಾಕಿದರೆ ಅದು ಸಿದ್ಧ.

ಮಲ್ಟಿಮೀಟರ್ ಇರುವಾಗ ಟೆಸ್ಟ್ ಲ್ಯಾಂಪ್ ಏಕೆ ಬೇಕು ಎಂದು ಕೇಳಬಹುದು. ಮಲ್ಟಿಮೀಟರ್ ಸರ್ಕ್ಯೂಟಿನಿಂದ ಕರೆಂಟನ್ನು ಎಳೆಯುವುದೇ ಇಲ್ಲ ಎನ್ನುವಷ್ಟು ಕಡಿಮೆ ಎಳೆಯುತ್ತದೆ. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ, ಕಿಲುಬು ಹಿಡಿದ ಕಪ್ಲರ್ ಕೂದಲೆಳೆಯಷ್ಟು ತಾಗಿದ್ದರೂ ಅದು 12 ವೋಲ್ಟ್ ಎಂದೇ ತೋರಿಸುತ್ತದೆ. ಅದೇ ಜಾಗಕ್ಕೆ 21 ವ್ಯಾಟ್‌ನ ಬಲ್ಬ್ ಇಟ್ಟರೆ ಸುಮಾರು 1.75 ಆಂಪಿಯರ್ ಹರಿಯಬೇಕಾಗುತ್ತದೆ. ಹಾಳಾದ ಜೋಡಣೆ ಅಲ್ಲೇ ಬಯಲಾಗುತ್ತದೆ.

ಎಚ್ಚರಿಕೆಯ ಮಾತೂ ಇಲ್ಲೇ ಇರಲಿ. ಕಪ್ಲರ್ ಬಿಚ್ಚುವಾಗ, ವೈರ್ ಕತ್ತರಿಸುವಾಗ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿಡಬೇಕು. ಅಳೆಯುವಾಗ ಮಾತ್ರ ಜೋಡಿಸಬೇಕು. ಉಂಗುರ, ಲೋಹದ ಗಡಿಯಾರ ತೆಗೆದಿಡಬೇಕು. ಹ್ಯಾಲೊಜೆನ್ ಬಲ್ಬ್ ಉರಿದ ಕೂಡಲೇ ಮುಟ್ಟಬಾರದು, ತಣಿದ ಮೇಲೂ ಅದರ ಗಾಜಿಗೆ ಬರಿಗೈ ತಾಗಿಸಬಾರದು. ಬೆರಳಿನ ಎಣ್ಣೆ ಅಂಟಿದ ಕಡೆ ಗಾಜು ವಿಪರೀತ ಕಾದು ಬಲ್ಬಿನ ಆಯುಷ್ಯ ಕುಗ್ಗುತ್ತದೆ.

ಬ್ಯಾಟರಿ, ಚಾರ್ಜಿಂಗ್, ಫ್ಯೂಸ್

ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಕಳೆದ ಬ್ಯಾಟರಿಯ ಎರಡು ತುದಿಗಳ ನಡುವೆ 12.6 ವೋಲ್ಟಿನ ಆಸುಪಾಸು ಇರಬೇಕು. ಎಂಜಿನ್ ಚಾಲೂ ಮಾಡಿ ಸ್ವಲ್ಪ ವೇಗ ಕೊಟ್ಟಾಗ ಅದು 13.8ರಿಂದ 14.4ರ ನಡುವೆ ಏರಬೇಕು, ಹೆಡ್‌ಲೈಟ್ ಹಾಕಿದ ಮೇಲೂ 13.5ಕ್ಕಿಂತ ಕೆಳಗೆ ಕುಸಿಯಬಾರದು. ವೇಗ ಕೊಟ್ಟಾಗಲೂ 12.5ರಲ್ಲೇ ನಿಂತಿದ್ದರೆ ಹೆಡ್‌ಲೈಟನ್ನು ಅಲ್ಲಿಗೇ ಬಿಟ್ಟು ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಮತ್ತು ಅದನ್ನು ತಿರುಗಿಸುವ ಬೆಲ್ಟ್ ನೋಡಬೇಕು. ಬದಲಿಗೆ 15 ವೋಲ್ಟ್ ದಾಟುತ್ತಿದ್ದರೆ ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬಲ್ಬುಗಳು ಪದೇ ಪದೇ ಹೋಗುವ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಫ್ಯೂಸನ್ನು ಕಣ್ಣಿನಿಂದ ನೋಡಿ ಸರಿಯಿದೆ ಎನ್ನುವ ಅಭ್ಯಾಸ ಬಿಡಬೇಕು. ಒಳಗಿನ ತಂತಿ ಇಡಿಯಾಗಿ ಕಂಡರೂ ಅಂಚಿನಲ್ಲಿ ಬಿರುಕು ಬಿಟ್ಟಿರಬಹುದು. ಫ್ಯೂಸ್ ತನ್ನ ಜಾಗದಲ್ಲೇ ಇರುವಾಗ, ದೀಪ ಹಾಕಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಡಿಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಫ್ಯೂಸಿನ ಎರಡೂ ಬದಿಗೆ ತಾಗಿಸಿ ನೋಡಬೇಕು. ಎರಡು ಕಡೆಯೂ ಒಂದೇ ಸಮ ಉರಿದರೆ ಫ್ಯೂಸ್ ಸರಿ. ಹಳೆಯ ಫ್ಯೂಸ್ ಬಾಕ್ಸಿನಲ್ಲಿ ಫ್ಯೂಸಿಗಿಂತ ಅದನ್ನು ಹಿಡಿದಿರುವ ಹಲ್ಲುಗಳೇ ಸಡಿಲವಾಗಿ, ಕಾದು, ಸುತ್ತಲಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿರುತ್ತದೆ. ಬ್ಲೇಡ್ ಫ್ಯೂಸುಗಳಲ್ಲಿ ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ನೀಲಿ ಇರಬೇಕಾದ ಜಾಗದಲ್ಲಿ ಹಳದಿ ಕುಳಿತಿದ್ದರೆ ಹಿಂದಿನ ಮಾಲೀಕರು ಏನನ್ನೋ ಮುಚ್ಚಿಟ್ಟಿದ್ದಾರೆ ಎಂದುಕೊಳ್ಳಬಹುದು. ಫ್ಯೂಸಿನ ಜಾಗಕ್ಕೆ ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿದ್ದನ್ನೂ ನೋಡಿದ್ದೇನೆ. ಅಂತಹ ಕಾರಿನಲ್ಲಿ ವೈರೇ ಫ್ಯೂಸಿನ ಕೆಲಸ ಮಾಡುತ್ತದೆ, ಅಂದರೆ ವೈರೇ ಸುಡುತ್ತದೆ.

ಬಲ್ಬ್ ಮತ್ತು ಅದರ ಹೋಲ್ಡರ್

ಈ ಕಾರುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎಚ್4 ಎಂಬ ಮೂರು ಕಾಲಿನ, 60/55 ವ್ಯಾಟ್‌ನ ಬಲ್ಬ್. ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್ ಇರುತ್ತವೆ. 60 ವ್ಯಾಟ್‌ನದು ಹೈ ಬೀಮಿಗೆ, 55 ವ್ಯಾಟ್‌ನದು ಲೋ ಬೀಮಿಗೆ. ಎರಡಕ್ಕೂ ಒಂದು ತುದಿ ಸಮಾನ. ಹಿಂಬದಿಯಿಂದ ನೋಡಿದಾಗ ಮೇಲೆ ಅಡ್ಡವಾಗಿರುವ ಕಾಲು ಲೋ ಬೀಮಿನದು; ಇಕ್ಕೆಲದಲ್ಲಿ ನೇರವಾಗಿ ನಿಂತ ಎರಡರಲ್ಲಿ ಒಂದು ಹೈ ಬೀಮಿನದು, ಇನ್ನೊಂದು ಸಮಾನವಾದದ್ದು. ಯಾವುದು ಯಾವುದೆಂದು ನೆನಪಿಡುವುದಕ್ಕಿಂತ, ಬಲ್ಬನ್ನು ಹೊರತೆಗೆದು ಬ್ಯಾಟರಿಯಿಂದ ಫ್ಯೂಸ್ ಇರುವ ಎರಡು ವೈರ್ ಎಳೆದು ನೇರವಾಗಿ ಹೊತ್ತಿಸಿ ನೋಡಿದರೆ ಎರಡೂ ಫಿಲಮೆಂಟುಗಳ ಸ್ಥಿತಿ ಖಚಿತವಾಗುತ್ತದೆ. ಹೀಗೆ ಮಾಡುವಾಗ ಬಲ್ಬನ್ನು ಲೋಹದ ಬುಡದಲ್ಲಿ, ಬಟ್ಟೆಯಿಂದ ಹಿಡಿದು, ಒಂದೆರಡು ಕ್ಷಣ ಮಾತ್ರ ಉರಿಸಬೇಕು.

ಮಲ್ಟಿಮೀಟರಿನಲ್ಲಿ ಓಮ್ಸ್ ಅಳೆದು ನೋಡುವವರು ಒಂದು ಕಡೆ ಎಡವುತ್ತಾರೆ. ತಣ್ಣಗಿರುವ ಹೆಡ್‌ಲೈಟ್ ಫಿಲಮೆಂಟಿನ ರೋಧ ಅರ್ಧ ಓಮ್‌ಗಿಂತಲೂ ಕಡಿಮೆ ಇರುತ್ತದೆ; ಉರಿಯುವಾಗ ಅದು ಎರಡೂವರೆ ಓಮ್ ದಾಟುತ್ತದೆ. ತಣ್ಣಗಿನ ಬಲ್ಬಿನ ಅಳತೆ ನೋಡಿ ಒಳಗೆ ಶಾರ್ಟ್ ಆಗಿದೆ ಎಂದು ಹೊಸ ಬಲ್ಬನ್ನೇ ಎಸೆದವರಿದ್ದಾರೆ.

ಬಲ್ಬ್ ಸರಿಯಿದ್ದರೆ ಕಪ್ಲರನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ಮೂರು ಹಿತ್ತಾಳೆಯ ಹಲ್ಲುಗಳಲ್ಲಿ ಒಂದು ಕಪ್ಪಾಗಿ, ಅದರ ಸುತ್ತಲಿನ ಪ್ಲಾಸ್ಟಿಕ್ ಉಬ್ಬಿ, ವೈರಿನ ಹೊದಿಕೆ ಗಟ್ಟಿಯಾಗಿ ಚಿಟಿಕೆ ಹೊಡೆದರೆ ಪುಡಿಯಾಗುವಂತಿದ್ದರೆ ಅದನ್ನು ಉಜ್ಜಿ ಸರಿಮಾಡಲು ಹೋಗಬಾರದು. ಒಮ್ಮೆ ಕಾದು ಮೆತ್ತಗಾದ ಹಿತ್ತಾಳೆಗೆ ಮತ್ತೆ ಬಿಗಿಯಾಗಿ ಹಿಡಿಯುವ ಶಕ್ತಿ ಇರುವುದಿಲ್ಲ. ಇಕ್ಕಳದಿಂದ ಒತ್ತಿ ಕೂರಿಸಿದರೂ ಒಂದು ಮಳೆಗಾಲ ಬಾಳುವುದಿಲ್ಲ. ಸುಮಾರು ಒಂದು ಗೇಣು ಒಳ್ಳೆಯ ವೈರ್ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ ಹೊಸ ಹೋಲ್ಡರ್ ಹಾಕಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮ ಊರಿನ ಬಿಡಿಭಾಗದ ಅಂಗಡಿಯಲ್ಲಾಗಲಿ ಶಾಖ ತಡೆಯುವ ಸೆರಾಮಿಕ್ ಹೋಲ್ಡರ್ ಸಿಗುತ್ತದೆ. ಕೊಳ್ಳುವಾಗ ಅದರ ವೈರ್ ದಪ್ಪವಿದೆಯೇ ಎಂದು ನೋಡಿ, ಹೊರಗಿನ ಹೊದಿಕೆಯ ದಪ್ಪವನ್ನಲ್ಲ, ಒಳಗಿನ ತಾಮ್ರದ ದಪ್ಪವನ್ನು.

ಸ್ವಿಚ್ ಯಾವ ಬದಿಯಲ್ಲಿದೆ?

ಇಲ್ಲಿಂದ ಮುಂದೆ ಹೋಗುವ ಮೊದಲು ನಿಮ್ಮ ಕಾರಿನ ಬಗ್ಗೆ ಒಂದು ಸಂಗತಿ ತಿಳಿಯಲೇಬೇಕು. ಮನೆಯ ದೀಪದಂತೆ ಪಾಸಿಟಿವ್ ವೈರನ್ನು ಸ್ವಿಚ್ ಕಡಿದು-ಜೋಡಿಸುತ್ತದೆ, ನೆಗೆಟಿವ್ ಸದಾ ಬಾಡಿಗೆ ಸೇರಿರುತ್ತದೆ ಎಂಬುದು ಎಲ್ಲರ ಊಹೆ. ಜಿಪ್ಸಿಯೂ ಸೇರಿ ಸುಜುಕಿ ವಂಶದ ಹಲವು ಹಳೆಯ ವಾಹನಗಳಲ್ಲಿ ಇದು ತಿರುಗುಮುರುಗು. ಫ್ಯೂಸಿನಿಂದ ಬಂದ ಪಾಸಿಟಿವ್ ನೇರವಾಗಿ ಬಲ್ಬಿನ ಸಮಾನ ಕಾಲಿಗೆ ಸೇರಿರುತ್ತದೆ. ಲೋ ಮತ್ತು ಹೈ ಫಿಲಮೆಂಟುಗಳ ಇನ್ನೊಂದು ತುದಿಯನ್ನು ಡಿಪ್ಪರ್ ಸ್ವಿಚ್ ಅರ್ತ್‌ಗೆ ಸೇರಿಸುತ್ತದೆ. ಇದನ್ನು ಅರಿಯದೆ ಅಳೆಯುತ್ತಾ ಹೋದರೆ ಸರಿಯಾದ ವೈರೂ ತಪ್ಪಾಗಿ ಕಾಣುತ್ತದೆ. ಸ್ವಿಚ್ ಆಫ್ ಇದ್ದರೂ ಕಪ್ಲರಿನಲ್ಲಿ 12 ವೋಲ್ಟ್ ಕಂಡು ಎಲ್ಲೋ ಶಾರ್ಟ್ ಆಗಿದೆ ಎಂದು ಇಡೀ ವೈರಿಂಗ್ ಬಿಚ್ಚಿದವರ ಕಥೆ ಬಹಳ ಇವೆ.

ನಿಮ್ಮ ಕಾರಿನಲ್ಲಿ ಯಾವ ಪದ್ಧತಿ ಇದೆ ಎಂದು ತಿಳಿಯಲು ಎರಡೂ ಬದಿಯ ಬಲ್ಬುಗಳಿಂದ ಕಪ್ಲರ್ ಕಳಚಬೇಕು. ಒಂದೇ ಬದಿಯದನ್ನು ಕಳಚಿದರೆ ಸಾಲದು, ಏಕೆಂದರೆ ಇನ್ನೊಂದು ಬದಿಯ ಬಲ್ಬಿನ ಫಿಲಮೆಂಟಿನ ಮೂಲಕವೇ ವೋಲ್ಟೇಜ್ ಸುತ್ತಿ ಬಂದು ಮೀಟರನ್ನು ದಾರಿತಪ್ಪಿಸುತ್ತದೆ. ಇಗ್ನಿಷನ್ ಆನ್ ಮಾಡಿ, ಹೆಡ್‌ಲೈಟ್ ಸ್ವಿಚ್ ಆಫ್ ಇಟ್ಟು, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿ, ಕಪ್ಲರಿನ ಮೂರೂ ಕಿಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಒಂದು ಕಿಂಡಿಯಲ್ಲಿ ಲ್ಯಾಂಪ್ ಚೆನ್ನಾಗಿ ಉರಿದರೆ ನಿಮ್ಮದು ಅರ್ತ್ ಬದಿಯಲ್ಲಿ ಸ್ವಿಚ್ ಇರುವ ಕಾರು. ಯಾವ ಕಿಂಡಿಯಲ್ಲೂ ಉರಿಯದಿದ್ದರೆ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ಪಾಸಿಟಿವ್‌ಗೆ ಬದಲಾಯಿಸಿ ಮತ್ತೆ ಮುಟ್ಟಿ. ಈಗ ಒಂದು ಕಿಂಡಿಯಲ್ಲಿ ಉರಿದರೆ ಅದು ಬಾಡಿ ಅರ್ತ್, ಅಂದರೆ ಸ್ವಿಚ್ ಪಾಸಿಟಿವ್ ಬದಿಯಲ್ಲಿದೆ. ಈ ಪರೀಕ್ಷೆಗೆ ಮಲ್ಟಿಮೀಟರ್ ಬಳಸಬೇಡಿ. ಅರ್ತ್ ಬದಿಯ ಸ್ವಿಚ್ ಇರುವ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ನೀಲಿ ಹೈ ಬೀಮ್ ಸೂಚಕ ಬಲ್ಬಿನ ಮೂಲಕ ಹೈ ಬೀಮ್ ವೈರಿಗೂ 12 ವೋಲ್ಟ್ ಹರಿದುಬಂದು ಮೀಟರ್ ಎರಡು ಕಡೆ ವೋಲ್ಟೇಜ್ ತೋರಿಸುತ್ತದೆ. ಆ ಪುಟ್ಟ ಸೂಚಕದ ಮೂಲಕ 21 ವ್ಯಾಟ್‌ನ ಲ್ಯಾಂಪ್ ಮಾತ್ರ ಉರಿಯಲಾರದು.

ಕಾರು ಹಲವು ಕೈ ದಾಟಿ ಬಂದಿದ್ದರೆ ಮೂಲ ವೈರಿಂಗ್ ನಕ್ಷೆ ಕೈಯಲ್ಲಿದ್ದರೂ ಈ ಪರೀಕ್ಷೆಯನ್ನು ಬಿಡಬಾರದು.

ದೀಪ ಉರಿಯುತ್ತಿರುವಾಗಲೇ ಅಳೆಯಿರಿ

ಇಡೀ ಕೆಲಸದ ತಿರುಳು ಇರುವುದು ಈ ಹಂತದಲ್ಲಿ. ಕಪ್ಲರನ್ನು ಮತ್ತೆ ಬಲ್ಬಿಗೆ ಸಿಕ್ಕಿಸಿ, ಎಂಜಿನ್ ಚಾಲೂ ಇಟ್ಟು, ಲೋ ಬೀಮ್ ಹಾಕಿ. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕಪ್ಲರಿನ ಹಿಂಬದಿಯಿಂದ ವೈರಿನ ಪಕ್ಕದಲ್ಲಿ ತೆಳ್ಳಗಿನ ಗುಂಡುಸೂಜಿಯನ್ನು ಲೋಹಕ್ಕೆ ತಾಗುವವರೆಗೆ ತೂರಿಸಿ ಅದರ ಮೇಲೆ ಮೀಟರಿನ ಮೊನೆ ಇಡಬೇಕು. ವೈರಿನ ಹೊದಿಕೆಗೆ ಚುಚ್ಚಬಾರದು. ಆ ತೂತಿನಿಂದ ನೀರು ಇಳಿದು ಮುಂದಿನ ವರ್ಷ ಅಲ್ಲೇ ಹೊಸ ದೋಷ ಹುಟ್ಟುತ್ತದೆ.

ಮೊದಲು ಬ್ಯಾಟರಿಯ ತುದಿಗಳಲ್ಲಿ ಅಳೆಯಿರಿ; 13.6 ವೋಲ್ಟ್ ಬಂತೆಂದುಕೊಳ್ಳೋಣ. ನಂತರ ಬಲ್ಬಿನ ಸಮಾನ ಕಾಲು ಮತ್ತು ಲೋ ಬೀಮ್ ಕಾಲಿನ ನಡುವೆ ಅಳೆಯಿರಿ, 11.4 ಬಂತೆನ್ನಿ. ನಡುವೆ ಕಳೆದುಹೋದದ್ದು 2.2 ವೋಲ್ಟ್. ಬೆಳಕಿನ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಅರ್ಧ ನಷ್ಟ. ಇಷ್ಟು ನಷ್ಟವಿರುವ ಕಾರಿಗೆ ಎಷ್ಟು ದುಬಾರಿಯ ಬಲ್ಬ್ ತಂದರೂ ಫಲವಿಲ್ಲ. ಇನ್ನು ಈ 2.2 ವೋಲ್ಟ್ ಯಾವ ಬದಿಯಲ್ಲಿ ಹೋಯಿತು ಎಂದು ಒಡೆದು ನೋಡಬೇಕು. ಮೀಟರಿನ ಕೆಂಪು ಮೊನೆಯನ್ನು ಬ್ಯಾಟರಿಯ ಪಾಸಿಟಿವ್ ಮೇಲೆ, ಕಪ್ಪು ಮೊನೆಯನ್ನು ಬಲ್ಬಿನ ಪಾಸಿಟಿವ್ ಕಾಲಿನ ಮೇಲೆ ಇಟ್ಟರೆ ಪಾಸಿಟಿವ್ ದಾರಿಯಲ್ಲಿ ಆದ ನಷ್ಟ ನೇರವಾಗಿ ಮೀಟರಿನಲ್ಲಿ ಕಾಣುತ್ತದೆ. ಹಾಗೆಯೇ ಕೆಂಪು ಮೊನೆಯನ್ನು ಬಲ್ಬಿನ ನೆಗೆಟಿವ್ ಕಾಲಿನ ಮೇಲೆ, ಕಪ್ಪನ್ನು ಬ್ಯಾಟರಿಯ ನೆಗೆಟಿವ್ ಮೇಲೆ ಇಟ್ಟರೆ ನೆಗೆಟಿವ್ ದಾರಿಯ ನಷ್ಟ ಸಿಗುತ್ತದೆ. ಎರಡನ್ನೂ ಕೂಡಿದರೆ ಮೊದಲಿನ 2.2 ಬರಬೇಕು. ಬರದಿದ್ದರೆ ಗುಂಡುಸೂಜಿ ಎಲ್ಲೋ ಸರಿಯಾಗಿ ತಾಗಿಲ್ಲ ಎಂದರ್ಥ.

ಸ್ವಿಚ್ ಇಲ್ಲದ ಬದಿಯಲ್ಲಿ 0.2 ವೋಲ್ಟ್‌ವರೆಗಿನ ನಷ್ಟವನ್ನು ಸಹಜವೆಂದು ಒಪ್ಪಬಹುದು. ಸ್ವಿಚ್, ಡಿಪ್ಪರ್ ಮತ್ತು ಉದ್ದದ ವೈರ್ ಇರುವ ಬದಿಯಲ್ಲಿ ಅರ್ಧ ವೋಲ್ಟ್‌ವರೆಗೆ ಸಹಿಸಿಕೊಳ್ಳಬಹುದು. ಅದಕ್ಕಿಂತ ಮಿಗಿಲಾದ ಬದಿ ಯಾವುದೆಂದು ತಿಳಿದ ಮೇಲೆ ಒಂದು ಮೊನೆಯನ್ನು ಬ್ಯಾಟರಿಯ ಮೇಲೇ ಇಟ್ಟುಕೊಂಡು ಇನ್ನೊಂದನ್ನು ಆ ದಾರಿಯುದ್ದಕ್ಕೂ ಸರಿಸುತ್ತಾ ಹೋಗಬೇಕು: ಬ್ಯಾಟರಿಯ ಕ್ಲಾಂಪ್, ಫ್ಯೂಸಿಗೆ ಬರುವ ವೈರ್, ಫ್ಯೂಸಿನಿಂದ ಹೊರಡುವ ವೈರ್, ಸ್ವಿಚ್ಚಿನ ಕಪ್ಲರ್, ಮುಂಭಾಗದ ಕಪ್ಲರ್, ಬಲ್ಬ್. ಅಂಕಿ ನಿಧಾನವಾಗಿ ಏರುತ್ತಾ ಬಂದರೆ ವೈರ್ ತೆಳ್ಳಗಿದೆ ಅಥವಾ ಎಲ್ಲ ಕಡೆ ಮುಪ್ಪಾಗಿದೆ. 0.2ರಲ್ಲಿ ಇದ್ದದ್ದು ಒಂದೇ ಜೋಡಣೆ ದಾಟುವಷ್ಟರಲ್ಲಿ 1.4ಕ್ಕೆ ಜಿಗಿದರೆ ದೋಷ ಕೈಗೆ ಸಿಕ್ಕಂತೆ. ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಬೆಚ್ಚಗಿರುವುದೂ ಗೊತ್ತಾಗುತ್ತದೆ, ಏಕೆಂದರೆ ಎರಡು ಬಲ್ಬುಗಳ ಒಂಬತ್ತು ಆಂಪಿಯರ್ ಒಂದು ವೋಲ್ಟ್ ಕಳೆದುಕೊಳ್ಳುವ ಕಡೆ ಒಂಬತ್ತು ವ್ಯಾಟ್ ಶಾಖ ಹುಟ್ಟುತ್ತಿರುತ್ತದೆ. 100/90ರ ಬಲ್ಬ್ ಹಾಕಿದಾಗ ಅದೇ ದಾರಿಯಲ್ಲಿ ಹದಿನೈದು ಆಂಪಿಯರ್ ಹರಿಸಲು ಹೊರಟಿರುತ್ತೇವೆ. ಹೋಲ್ಡರ್ ಕರಗುವುದರಲ್ಲಿ ಆಶ್ಚರ್ಯವೇನಿದೆ?

ಒಂದು ದೀಪ ಕೆಂಡದಂತೆ, ನೀಲಿ ಸೂಚಕವೂ ಅರೆಬೆಳಕು

ಲೋ ಬೀಮ್ ಹಾಕಿದಾಗ ಬಲಗಡೆಯ ದೀಪ ಚೆನ್ನಾಗಿಯೇ ಉರಿಯುತ್ತದೆ. ಎಡಗಡೆಯದರಲ್ಲಿ ಎರಡೂ ಫಿಲಮೆಂಟ್ ಕೆಂಡದಂತೆ ಕೆಂಪಗಿವೆ. ಡ್ಯಾಶ್‌ಬೋರ್ಡಿನಲ್ಲಿ ಹೈ ಬೀಮ್ ಸೂಚಕ ಅರೆಬೆಳಕಿನಲ್ಲಿ ಹೊತ್ತಿದೆ. ಇದನ್ನು ಕಂಡವರು ಸ್ವಿಚ್ ಒಳಗೆ ಲೋ-ಹೈ ಒಂದಕ್ಕೊಂದು ಅಂಟಿಕೊಂಡಿವೆ ಎಂದು ತೀರ್ಮಾನಿಸುವುದು ಸಾಮಾನ್ಯ. ಆದರೆ ಇದು ಎಡ ಬಲ್ಬಿನ ಸಮಾನ ಕಾಲು ಅನಾಥವಾಗಿರುವುದರ ಗುರುತು.

ಪಾಸಿಟಿವ್ ಬದಿಯ ಸ್ವಿಚ್ ಇರುವ ಕಾರಿನಲ್ಲಿ ಎಡದೀಪದ ಅರ್ತ್ ಕಡಿದುಹೋದಾಗ, ಲೋ ಫಿಲಮೆಂಟಿಗೆ ಬಂದ ಕರೆಂಟಿಗೆ ಇಳಿಯಲು ದಾರಿ ಇರುವುದಿಲ್ಲ. ಅದು ಸಮಾನ ಕಾಲನ್ನು ತಲುಪಿ, ಅದೇ ಬಲ್ಬಿನ ಹೈ ಫಿಲಮೆಂಟಿನ ಮೂಲಕ ಹಿಮ್ಮುಖವಾಗಿ ಹೊರಟು, ಹೈ ಬೀಮ್ ವೈರಿನಲ್ಲಿ ಬಲಬದಿಗೆ ಹೋಗಿ, ಅಲ್ಲಿಯ ಹೈ ಫಿಲಮೆಂಟಿನ ಮೂಲಕ ಅರ್ತ್ ಸೇರುತ್ತದೆ. ಹನ್ನೆರಡು ವೋಲ್ಟನ್ನು ಮೂರು ಫಿಲಮೆಂಟುಗಳು ಹಂಚಿಕೊಂಡಾಗ ಪ್ರತಿಯೊಂದಕ್ಕೂ ನಾಲ್ಕರ ಆಸುಪಾಸು ಸಿಗುತ್ತದೆ, ನಡುವೆ ಹೈ ಬೀಮ್ ವೈರಿಗೆ ಜೋಡಿಸಿರುವ ನೀಲಿ ಸೂಚಕವೂ ಅಷ್ಟರಲ್ಲೇ ಮಿಣುಕುತ್ತದೆ.

ಅರ್ತ್ ಬದಿಯ ಸ್ವಿಚ್ ಇರುವ ಕಾರಿನಲ್ಲಿ ಇದೇ ನೋಟ ಕಾಣುವುದು ಅರ್ತ್ ಹೋದಾಗ ಅಲ್ಲ, ಎಡಬದಿಯ ಫ್ಯೂಸ್ ಹೋದಾಗ. ಎಡ-ಬಲಕ್ಕೆ ಬೇರೆ ಬೇರೆ ಫ್ಯೂಸ್ ಇರುವ ಕಾರುಗಳಲ್ಲಿ ಫ್ಯೂಸ್ ಹೋದ ಬದಿಯ ದೀಪ ಪೂರ್ತಿ ಆರುವ ಬದಲು ಬಲಬದಿಯಿಂದ ಸಾಲ ಪಡೆದ ಕರೆಂಟಿನಲ್ಲಿ ಕೆಂಪಗೆ ಉಳಿಯುತ್ತದೆ. ಲಕ್ಷಣ ಒಂದೇ, ಕಾರಣ ಬೇರೆ. ಸ್ವಿಚ್ ಯಾವ ಬದಿಯಲ್ಲಿದೆ ಎಂದು ಮೊದಲೇ ತಿಳಿಯಬೇಕೆಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಅರ್ತ್ ಸರಿಪಡಿಸುವುದು ಸುಲಭ, ಆದರೆ ಅದನ್ನು ಅರೆಬರೆ ಮಾಡುವವರೇ ಹೆಚ್ಚು. ಹೆಡ್‌ಲೈಟಿನ ಹಿಂದೆ ಬಾಡಿಗೆ ಬೋಲ್ಟ್ ಮಾಡಿರುವ ಕಪ್ಪು ವೈರಿನ ಕಣ್ಣುಬಳೆಯನ್ನು ಬಿಚ್ಚಿ, ಬಳೆಯ ಎರಡೂ ಮುಖಗಳನ್ನು ಮತ್ತು ಅದು ಕೂರುವ ತಗಡಿನ ಜಾಗವನ್ನು ಬಣ್ಣ ಹೋಗಿ ಬರಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಬೋಲ್ಟ್ ಹಾಕಿ, ಆಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಮುಂಭಾಗಕ್ಕೆ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿದ ಮೇಲೆ ಶುರುವಾದ ದೋಷವಾದರೆ ಅರ್ತ್ ಬೋಲ್ಟಿನ ಕೆಳಗೂ ಬಣ್ಣ ಕುಳಿತಿರುವ ಸಾಧ್ಯತೆ ಬಹಳ. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೆ ಮತ್ತು ಎಂಜಿನ್ನಿಗೆ ಹೋಗುವ ದಪ್ಪ ಪಟ್ಟಿಗಳನ್ನೂ ಇದೇ ಸಮಯದಲ್ಲಿ ನೋಡಿಕೊಳ್ಳಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ಆ ಪಟ್ಟಿಯ ಎಳೆಗಳು ಒಳಗೊಳಗೇ ಹಸಿರು ಪುಡಿಯಾಗುತ್ತವೆ; ಹೊರಗಿನ ಹೊದಿಕೆ ಮಾತ್ರ ಹೊಸದರಂತೆ ಇರುತ್ತದೆ.

ಕಾಂಬಿನೇಷನ್ ಸ್ವಿಚ್

ಹೆಡ್‌ಲೈಟ್ ಮತ್ತು ಡಿಪ್ಪರ್ ಸ್ವಿಚ್ಚುಗಳು ಒಟ್ಟಿಗೆ ಸೇರಿರುವ, ಸ್ಟಿಯರಿಂಗ್ ಬಳಿಯ ಸ್ವಿಚ್ಚೇ ಕಾಂಬಿನೇಷನ್ ಸ್ವಿಚ್. ಅಳತೆ ಅದರತ್ತ ಕೈ ತೋರಿಸಿದರೆ ಅದನ್ನು ಕಳಚುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿ. ಸ್ಟಿಯರಿಂಗ್ ಕೆಳಗಿನ ಕವಚ ತೆಗೆದು, ಸ್ವಿಚ್ಚಿಗೆ ಬರುವ ಮತ್ತು ಅದರಿಂದ ಹೊರಡುವ ವೈರುಗಳ ನಡುವೆ, ದೀಪ ಉರಿಯುತ್ತಿರುವಾಗ, ಮೀಟರ್ ಇಡಿ. ಒಳ್ಳೆಯ ಸ್ವಿಚ್ಚಿನಲ್ಲಿ 0.1ರಿಂದ 0.2 ವೋಲ್ಟ್ ಕಾಣುತ್ತದೆ. ಒಂದು ವೋಲ್ಟ್ ಕಾಣುತ್ತಿದ್ದು, ಕಡ್ಡಿಯನ್ನು ಮೆಲ್ಲಗೆ ಮೇಲೆತ್ತಿ ಹಿಡಿದಾಗ ಅದು ತಟ್ಟನೆ ಇಳಿದು ಬೆಳಕು ಏರಿದರೆ ಒಳಗಿನ ಸ್ಪರ್ಶಬಿಂದುಗಳು ಸುಟ್ಟಿವೆ.

ಹಳೆಯ ಸ್ವಿಚ್ಚುಗಳನ್ನು ಬಿಚ್ಚಿ ತಾಮ್ರದ ಬಿಂದುಗಳನ್ನು ಉಜ್ಜಿ ಮತ್ತೆ ಕೂರಿಸುವ ಕೈಚಳಕ ನಮ್ಮ ಆಟೊ ಎಲೆಕ್ಟ್ರಿಷಿಯನ್ನರಿಗೆ ಚೆನ್ನಾಗಿ ಗೊತ್ತು, ಮತ್ತು ಬಿಡಿಭಾಗ ಸಿಗದ ಕಾರುಗಳಿಗೆ ಅದೇ ಗತಿ. ಮನೆಯಲ್ಲಿ ಮಾಡುವವರು ಬಟ್ಟೆ ಹಾಸಿದ ತಟ್ಟೆಯ ಮೇಲೆ ಬಿಚ್ಚಬೇಕು. ಒಳಗಿರುವ ಸ್ಪ್ರಿಂಗ್ ಮತ್ತು ಗೋಲಿಗಳು ಹಾರಿದರೆ ಸಿಗುವುದಿಲ್ಲ. ಹೊಸ ಸ್ವಿಚ್ ಸಿಗುವ ಕಾರಾದರೆ ನಾನು ಹೊಸದನ್ನೇ ಹಾಕಿಸಿ ಎನ್ನುತ್ತೇನೆ. ಒಮ್ಮೆ ಉಜ್ಜಿದ ಬಿಂದುವಿನ ಮೇಲ್ಪದರ ಹೋಗಿರುವುದರಿಂದ ಅದು ಮತ್ತೆ ಸುಡಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ರಿಲೇ ಹಾಕುವವರಿಗೆ

ಸ್ವಿಚ್ಚಿನ ಮೇಲಿನ ಭಾರ ಇಳಿಸಲು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕಡಿದು-ಜೋಡಿಸುವ ಸ್ವಿಚ್, ಒಳ್ಳೆಯ ಉಪಾಯ. ಆಗ ಸ್ವಿಚ್ ರಿಲೇಯ ಸುರುಳಿಗೆ ಬೇಕಾದ ಅತ್ಯಲ್ಪ ಕರೆಂಟನ್ನು ಮಾತ್ರ ಹೊರುತ್ತದೆ. ಬಲ್ಬಿನ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ ಮೂಲಕ ಹತ್ತಿರದ ದಾರಿಯಲ್ಲಿ ಬರುತ್ತದೆ. ರಿಲೇಯ 30 ಮತ್ತು 87 ಸಂಖ್ಯೆಯ ಕಾಲುಗಳು ಬಲ್ಬಿನ ದಾರಿಗೆ, 85 ಮತ್ತು 86 ಸುರುಳಿಗೆ. ಬಲ್ಬಿನ ದಾರಿಗೆ 2.5 ಚದರ ಮಿಲಿಮೀಟರ್ ವೈರ್ ಬಳಸಿ, ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಹತ್ತಿರದಲ್ಲಿ ಹಾಕಬೇಕು. ಎಡ-ಬಲ ದೀಪಗಳಿಗೆ ಬೇರೆ ಬೇರೆ ಫ್ಯೂಸ್ ಇಟ್ಟರೆ ಒಂದು ಹೋದರೂ ಇನ್ನೊಂದು ಮನೆ ಮುಟ್ಟಿಸುತ್ತದೆ.

ಅಂಗಡಿಯಲ್ಲಿ ಸಿಗುವ ಸಿದ್ಧ ರಿಲೇ ಕಿಟ್‌ಗಳನ್ನು ಪಾಸಿಟಿವ್ ಬದಿಯ ಸ್ವಿಚ್ ಇರುವ ಕಾರುಗಳಿಗೆಂದೇ ಮಾಡಿರುತ್ತಾರೆ. ಅವುಗಳಲ್ಲಿ ಸುರುಳಿಯ ಒಂದು ತುದಿ ಬಾಡಿಗೆ ಅರ್ತ್ ಆಗಿದ್ದರೆ, ಅರ್ತ್ ಬದಿಯ ಸ್ವಿಚ್ ಇರುವ ಕಾರಿನಲ್ಲಿ ಸುರುಳಿಯ ಎರಡೂ ತುದಿಗೆ ಅರ್ತ್ ಸಿಕ್ಕು ರಿಲೇ ಕಟಕ್ ಎನ್ನುವುದೇ ಇಲ್ಲ. ಆ ತುದಿಯನ್ನು ಬಾಡಿಯಿಂದ ಬಿಡಿಸಿ, ಮೂಲ ಕಪ್ಲರಿನಲ್ಲಿ 12 ವೋಲ್ಟ್ ಬರುವ ಸಮಾನ ಕಿಂಡಿಗೆ ಸೇರಿಸಿದರೆ ಕೆಲಸ ಮಾಡುತ್ತದೆ. ಆದರೆ ರಿಲೇಯ ಒಳಗೆ ಡಯೋಡ್ ಇದ್ದರೆ ಸುರುಳಿಯ ಪ್ಲಸ್-ಮೈನಸ್ ಅದಲುಬದಲಾಗಬಾರದು, ಅದಲುಬದಲಾದರೆ ಶಾರ್ಟ್ ಆಗುತ್ತದೆ. ಕವಚದ ಮೇಲಿನ ಚಿತ್ರ ನೋಡಿಯೇ ಜೋಡಿಸಬೇಕು.

ರಿಲೇ ಹಾಕುವುದು ದೋಷ ಹುಡುಕಿದ ಮೇಲಿನ ಕೆಲಸ. ಅರ್ತ್ ಕೆಟ್ಟಿರುವ ಕಾರಿಗೆ ರಿಲೇ ಕಿಟ್ ಹಾಕಿ, ಏನೂ ವ್ಯತ್ಯಾಸ ಕಾಣಲಿಲ್ಲ ಎಂದು ಹಲುಬುವವರು ಕಡಿಮೆಯಿಲ್ಲ.

ಬಂದು ಹೋಗುವ ದೋಷ

ಗುಂಡಿ ಹಾರಿದಾಗ ಆರಿ, ಮತ್ತೊಂದು ಗುಂಡಿಗೆ ಹೊತ್ತುವ ದೀಪದ ದೋಷ ಹುಡುಕಲು ತಾಳ್ಮೆ ಬೇಕು. ಒಬ್ಬರು ದೀಪ ನೋಡುತ್ತಿರಲಿ, ಇನ್ನೊಬ್ಬರು ವೈರಿಂಗನ್ನು ಬಲ್ಬಿನ ಕಡೆಯಿಂದ ಹಿಂದಕ್ಕೆ ಗೇಣು ಗೇಣಾಗಿ ಅಲುಗಾಡಿಸುತ್ತಾ ಬರಲಿ. ವೈರುಗಳು ತಗಡಿನ ತೂತಿನಿಂದ ಒಳಹೋಗುವ ಕಡೆ ರಬ್ಬರ್ ಬಳೆ ಕಳಚಿ ಬಿದ್ದಿದ್ದರೆ ಅಲ್ಲಿ ಹೊದಿಕೆ ಸವೆದಿರುತ್ತದೆ. ರೇಡಿಯೇಟರ್ ಹತ್ತಿರ ಹಾದುಹೋಗುವ ವೈರುಗಳು ಶಾಖಕ್ಕೆ ಗಟ್ಟಿಯಾಗಿ ಬಿರಿದಿರುತ್ತವೆ. ಮಳೆ ಬಂದ ಮೇಲೆ ಮಾತ್ರ ಕಾಣುವ ದೋಷವಾದರೆ ಕಪ್ಲರ್ ಒಳಗೆ ನೀರು ನಿಲ್ಲುತ್ತಿದೆಯೇ ಎಂದು ನೋಡಿ, ಬಾಯಿ ಕೆಳಮುಖವಾಗುವಂತೆ ಕಟ್ಟಬೇಕು. ತೋಟದ ಮನೆಯ ಶೆಡ್ಡಿನಲ್ಲಿ ವಾರಗಟ್ಟಲೆ ನಿಲ್ಲುವ ಕಾರಾದರೆ ಇಲಿ ಕಡಿದ ಗುರುತನ್ನೂ ಹುಡುಕಬೇಕು. ಅದು ಒಂದೇ ವೈರ್ ಕಡಿದು ಸುಮ್ಮನಾಗುವ ಪ್ರಾಣಿಯಲ್ಲ.

ಜೋಡಣೆ ಮಾಡುವಾಗ ವೈರುಗಳನ್ನು ಬರಿಗೈಯಲ್ಲಿ ತಿರುಚಿ ಟೇಪ್ ಸುತ್ತಿದರೆ ಅದು ಮುಂದಿನ ದೋಷದ ಬೀಜ. ಬೆಸುಗೆ ಹಾಕಿ ಅಥವಾ ಸರಿಯಾದ ಅಳತೆಯ ಕ್ರಿಂಪ್ ಒತ್ತಿ, ಮೇಲೆ ಶಾಖಕ್ಕೆ ಕುಗ್ಗುವ ಸ್ಲೀವ್ ಹಾಕಬೇಕು.

ಬೇರೆ ಹಳೆಯ ವಾಹನಗಳು

ಹಳೆಯ ಅಂಬಾಸಿಡರ್‌ಗಳಲ್ಲಿ ಡಿಪ್ಪರ್ ಸ್ವಿಚ್ ಕಾಲಡಿಯಲ್ಲಿದೆ. ಚಪ್ಪಲಿಯ ಕೆಸರು, ನೀರು ನೇರವಾಗಿ ಅದರ ಮೇಲೆ ಬೀಳುವುದರಿಂದ ಆ ಕಾರುಗಳಲ್ಲಿ ಹುಡುಕಾಟವನ್ನು ಅಲ್ಲಿಂದಲೇ ಶುರು ಮಾಡಿದರೂ ತಪ್ಪಿಲ್ಲ. ಹಳೆಯ ಸ್ಕೂಟರ್ ಮತ್ತು ಬೈಕುಗಳ ಮಾತು ಬೇರೆ. ಹಲವದರಲ್ಲಿ ಹೆಡ್‌ಲೈಟಿಗೆ ಬ್ಯಾಟರಿಯ ಸಂಬಂಧವೇ ಇರುವುದಿಲ್ಲ, ಎಂಜಿನ್ ತಿರುಗಿದಾಗ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೊದ ಸುರುಳಿಯಿಂದ ಬರುವ ಎಸಿ ಕರೆಂಟಿನಲ್ಲಿ ಅದು ಉರಿಯುತ್ತದೆ. ಅಲ್ಲಿ ಎಂಜಿನ್ ಓಡುತ್ತಿರುವಾಗ, ಮೀಟರನ್ನು ಎಸಿಗೆ ತಿರುಗಿಸಿ ಅಳೆಯಬೇಕು. ಡಿಸಿಯಲ್ಲಿ ಅಳೆದರೆ ಸೊನ್ನೆ ಕಂಡು ಗಾಬರಿಯಾಗುತ್ತದೆ.

ಎಲ್ಲ ಮುಚ್ಚುವ ಮುನ್ನ

ದೋಷ ಸಿಕ್ಕಿ ಸರಿಯಾದ ಮೇಲೆ ಎಂಜಿನ್ ಚಾಲೂ ಇಟ್ಟು ಹೈ ಬೀಮಿನಲ್ಲಿ ಕಾಲು ಗಂಟೆ ದೀಪ ಉರಿಯಲು ಬಿಡಿ. ನಂತರ ಫ್ಯೂಸ್, ಸ್ವಿಚ್ಚಿನ ಕಪ್ಲರ್, ರಿಲೇ, ಅರ್ತ್ ಬೋಲ್ಟ್ ಇವನ್ನೆಲ್ಲ ಬೆರಳಿನಿಂದ ಮುಟ್ಟಿ ನೋಡಿ. ಬಲ್ಬಿನ ಹೋಲ್ಡರ್ ಒಂದನ್ನು ಬಿಟ್ಟು ಬೇರಾವುದೂ ಬಿಸಿಯಾಗಿರಬಾರದು. ಬಲ್ಬಿನ ಕಾಲುಗಳಲ್ಲಿ ಮತ್ತೊಮ್ಮೆ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲಿ 13.6 ಇರುವಾಗ ಬಲ್ಬಿನಲ್ಲಿ 13ರ ಸಮೀಪ ಸಿಗುತ್ತಿದ್ದರೆ ಕೆಲಸ ಸರಿಯಾಗಿದೆ. ಎಡ-ಬಲ, ಲೋ-ಹೈ ನಾಲ್ಕೂ ಅಂಕಿಗಳನ್ನು ದಿನಾಂಕದೊಂದಿಗೆ ಒಂದು ಚೀಟಿಯಲ್ಲಿ ಬರೆದು, ಸ್ವಿಚ್ ಯಾವ ಬದಿಯಲ್ಲಿದೆ ಎಂಬುದನ್ನೂ ಅದರಲ್ಲೇ ಸೇರಿಸಿ, ಆರ್‌ಸಿ ಮತ್ತು ಇನ್ಶೂರೆನ್ಸ್ ಕಾಗದಗಳ ಜೊತೆಗೆ ಇಟ್ಟುಕೊಳ್ಳಿ. ಮುಂದಿನ ಸಲ ದೀಪ ಮಂಕಾದಾಗ ನಿಮ್ಮ ಎಲೆಕ್ಟ್ರಿಷಿಯನ್ನರು ಮೊದಲು ಕೇಳಬೇಕಾದದ್ದು ಆ ಚೀಟಿಯನ್ನು.